ಗೌರಿಗೆ ಕಾಪರ್ ಗ್ಲೈಸಿನೇಟ್ ಹಾಕಿ ನೋಡಿದ್ದು

ಮಾಲೂರು ಹತ್ತಿರ ನಮ್ಮದು 3 ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು. ಗೌರಿಯ ಕಣ್ಣಿನ ಸುತ್ತ ಕಪ್ಪು ಕೂದಲು ಕನ್ನಡಕ ಹಾಕಿದಂಗೆ ಮಾಸಿಹೋಗಿತ್ತು. ಡಾಕ್ಟ್ರು ತಾಮ್ರದ ಕೊರತೆ ಅಂದರು. ಕಾಪರ್ ಗ್ಲೈಸಿನೇಟ್ ಇರೋ ಖನಿಜ ಮಿಶ್ರಣ ತಂದೆ. ಇದರಲ್ಲಿ ಒಂದು ತಾಮ್ರದ ಅಯಾನನ್ನು (ವಿದ್ಯುದಾವೇಶ ಇರೋ ಕಣ) ಗ್ಲೈಸಿನ್ ಅನ್ನೋ ಅಮೈನೊ ಆಮ್ಲದ 2 ಅಣುಗಳು ತಮ್ಮ ಸಾರಜನಕ, ಆಮ್ಲಜನಕದಿಂದ ಇಕ್ಕಳದ ಹಾಗೆ ಹಿಡಿದಿರುತ್ತವೆ. ಮೇವಿನ ಮಾಲಿಬ್ಡಿನಂ, ಗಂಧಕ ಸೇರಿ ಹೊಟ್ಟೆಯಲ್ಲೇ ತಾಮ್ರವನ್ನು ಕಟ್ಟಿಹಾಕುತ್ತವಲ್ಲ, ಅವುಗಳ ಕೈಗೆ ತಾಮ್ರ ಸುಲಭಕ್ಕೆ ಸಿಗದಿರಲಿ ಅಂತ ಈ ಹಿಡಿತ. ದಿನಾ ಬೂಸಾ ಜೊತೆ ಕಲಸಿ ಕೊಟ್ಟೆ. ಮೂರು ತಿಂಗಳಿಗೆ ಹೊಸ ಕೂದಲು ಕರ್ರಗೆ ಬಂತು, ಕೈಯಾಡಿಸಿದರೆ ನುಣುಪು. ನೋಡಿ ಕಣ್ಣು ತುಂಬಿತು. ಮೈಲುತುತ್ತದ (ಕಾಪರ್ ಸಲ್ಫೇಟ್) ಮಿಶ್ರಣಕ್ಕಿಂತ ಬೆಲೆ ಜಾಸ್ತಿ. ಚೀಲದ ಬಾಯಿ ಸರಿಯಾಗಿ ಮುಚ್ಚಲ್ಲ, ಮಳೆಗಾಲದಲ್ಲಿ ಪುಡಿ ಗಂಟು ಕಟ್ಟಿತು. ಕುರಿ ಇದ್ದವರು ಮಾತ್ರ ದೂರ ಇಡಿ, ಅವಕ್ಕೆ ತಾಮ್ರ ಸ್ವಲ್ಪ ಹೆಚ್ಚಾದರೂ ವಿಷ.