ಹೊಸ ಪಿಸಿಗೆ ಫೋಟೋ ತುಂಬುವ ಮೊದಲು ರ‍್ಯಾಮ್ ಟೆಸ್ಟ್ ಮಾಡಿ

ಹೊಸದಾಗಿ ಪಿಸಿ ಅಸೆಂಬಲ್ ಮಾಡಿಸುತ್ತಿರುವವರು, ಈಗಷ್ಟೇ ಮನೆಗೆ ತಂದವರು ದಯವಿಟ್ಟು ಇದನ್ನು ಓದಿ. ಹಳೆಯ ಹಾರ್ಡ್ ಡಿಸ್ಕಿನಿಂದ ಒಂದೇ ಒಂದು ಫೋಟೋ ಕಾಪಿ ಮಾಡುವ ಮೊದಲು, ಒಂದು ರಾತ್ರಿ ಪೂರ್ತಿ ರ‍್ಯಾಮ್ ಟೆಸ್ಟ್ ಹಾಕಿ ಬಿಡಿ. ರ‍್ಯಾಮ್ ಅಂದರೆ ಪಿಸಿ ಕೆಲಸ ಮಾಡುವಾಗ ಫೈಲುಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ. ಖರ್ಚು ಏನೂ ಇಲ್ಲ, ಒಂದು ಪೆನ್‌ಡ್ರೈವ್ ಸಾಕು. ಅಂಗಡಿಯವರು "ಎಲ್ಲ ಚೆಕ್ ಮಾಡಿ ಕೊಟ್ಟಿದ್ದೀವಿ" ಅಂದರೂ ಹಾಕಿ. ಎಷ್ಟೋ ಕಡೆ ಆ ಚೆಕ್ ಅಂದರೆ ವಿಂಡೋಸ್ ಆನ್ ಆಯಿತಾ, ಯೂಟ್ಯೂಬ್ ಓಡಿತಾ, ಅಷ್ಟೇ. ರ‍್ಯಾಮ್ ಕೆಟ್ಟಿದ್ದರೂ ಇವೆರಡೂ ಆಗುತ್ತವೆ.

ನಾನು ತುಮಕೂರಿನಲ್ಲಿ ಮನೆಯಿಂದಲೇ ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ಫೋಟೋಗ್ರಾಫರ್‌ಗಳು ಫೋಟೋ ಕೊಡುತ್ತಾರೆ, ನಾನು ಕರಿಜ್ಮಾ ಶೀಟ್ (ಆಲ್ಬಮ್ಮಿನ ಪುಟ) ಮಾಡಿ ಲ್ಯಾಬ್‌ಗೆ ಕಳಿಸುತ್ತೇನೆ. ಹಳೆಯ ಕಂಪ್ಯೂಟರಿನಲ್ಲಿ ಫೋಟೋಶಾಪ್ ತೆರೆದರೆ ಸಾಕು, ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ. ಅದಕ್ಕೇ ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಹೊಸ ಪಿಸಿ ಮಾಡಿಸಿದೆ. ರ‍್ಯಾಮ್ 16 ಜಿಬಿಯ ಎರಡು ಸ್ಟಿಕ್, ಒಟ್ಟು 32 ಜಿಬಿ, ಡಿಡಿಆರ್4 ಅನ್ನುವ ಬಗೆಯದು, 3200 ಸ್ಪೀಡಿನದು. ಅಂಗಡಿಯ ಹೆಸರು, ರ‍್ಯಾಮ್ ಕಂಪನಿಯ ಹೆಸರು ಬರೆಯುವುದಿಲ್ಲ. ಈ ತೊಂದರೆ ಯಾವ ಅಂಗಡಿಯಲ್ಲಾದರೂ, ಯಾವ ಬ್ರ್ಯಾಂಡಿನಲ್ಲಾದರೂ ಬರಬಹುದು.

ಮೊದಮೊದಲು ಬರೀ ಸಣ್ಣ ಕಿರಿಕಿರಿ. ಫೋಟೋಶಾಪ್ ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತಿತ್ತು. ಕ್ರೋಮ್‌ನಲ್ಲಿ ಒಂದೊಂದು ಟ್ಯಾಬ್ ಕ್ರ್ಯಾಶ್ ಆಗುತ್ತಿತ್ತು. ಫೋಟೋಗ್ರಾಫರ್ ಕಳಿಸಿದ ಜಿಪ್ ಫೈಲ್ ಬಿಚ್ಚಿದರೆ, ಒಳಗಿನ ಡೇಟಾ ತಾಳೆಯಾಗುತ್ತಿಲ್ಲ ಅನ್ನುವ ಸಿಆರ್‌ಸಿ ಎರರ್. ಅದೇ ಫೈಲನ್ನು ಮತ್ತೆ ಬಿಚ್ಚಿದರೆ ಸರಿಯಾಗಿ ತೆರೆದುಕೊಳ್ಳುತ್ತಿತ್ತು. ಆಮೇಲೆ ನೀಲಿ ಸ್ಕ್ರೀನ್ ಶುರುವಾಯಿತು. ಒಂದು ಸಲ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದು ಸಲ ಪೇಜ್ ಫಾಲ್ಟ್, ಮತ್ತೊಂದು ಸಲ ಐಆರ್‌ಕ್ಯೂಎಲ್. ಇದನ್ನು ಚೆನ್ನಾಗಿ ನೆನಪಿಡಿ. ಪ್ರತಿ ಸಲ ಒಂದೇ ಎರರ್, ಒಂದೇ ಫೈಲಿನ ಹೆಸರು ಬಂದರೆ ಸಾಮಾನ್ಯವಾಗಿ ಅದು ಯಾವುದೋ ಡ್ರೈವರ್ ತೊಂದರೆ. ಪ್ರತಿ ಸಲ ಬೇರೆ ಬೇರೆ ಎರರ್, ಬೇರೆ ಬೇರೆ ಪ್ರೋಗ್ರಾಂ ಬೀಳುತ್ತಿದ್ದರೆ ಮೊದಲು ರ‍್ಯಾಮ್ ಮೇಲೆ ಅನುಮಾನ ಪಡಬೇಕು.

ಅಂಗಡಿಗೆ ಫೋನ್ ಮಾಡಿದರೆ, "ಮೇಡಂ, ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡಿದ್ರೆ ಸರಿ ಹೋಗುತ್ತೆ" ಅಂದರು. ಕ್ಯಾಬಿನೆಟ್ ಕಾರಿನಲ್ಲಿಟ್ಟುಕೊಂಡು ಹೋದೆವು. ಫಾರ್ಮ್ಯಾಟ್ ಮಾಡಿ ದುಡ್ಡು ತೆಗೆದುಕೊಂಡರು. ಮನೆಗೆ ಬಂದು ನೋಡಿದರೆ ಮತ್ತೆ ಅದೇ ಕಥೆ. ಮುಂದಿನ ಸಲ ಗ್ರಾಫಿಕ್ಸ್ ಡ್ರೈವರ್ ಅಂದರು. ಅದರ ಮುಂದಿನ ಸಲ "ನಿಮ್ಮೂರಲ್ಲಿ ಕರೆಂಟ್ ಸರಿ ಇಲ್ಲ, ಯುಪಿಎಸ್ ತಗೊಳ್ಳಿ" ಅಂದರು. ಒಬ್ಬರಾದರೂ ಮೆಮೊರಿ ಟೆಸ್ಟ್ ಹಾಕಿ ನೋಡಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ. ಸ್ಟಿಕ್ ಕೆಟ್ಟಿದ್ದು ಅವರ ತಪ್ಪಲ್ಲ. ನೋಡದೆ ಸುಮ್ನೆ ಫಾರ್ಮ್ಯಾಟ್ ಮಾಡಿ ಕಳಿಸಿದ್ದು ತಪ್ಪು.

ಅಷ್ಟರಲ್ಲಿ ಹಾನಿ ಆಗಿಹೋಗಿತ್ತು. ಒಂದು ಮದುವೆಯ ಫೋಟೋ ತೆರೆದೆ. ಧಾರೆ ಎರೆಯುವ ಫೋಟೋ. ಮೇಲ್ಭಾಗದಲ್ಲಿ ಹುಡುಗಿಯ ಅಪ್ಪ, ಅಮ್ಮ, ಬಾಸಿಂಗ ಎಲ್ಲ ಚೆನ್ನಾಗಿದೆ. ಕೈಗಳ ಹತ್ತಿರ ಬಂದಾಗ ಅಡ್ಡಕ್ಕೆ ಒಂದು ಗೆರೆ. ಅಲ್ಲಿಂದ ಕೆಳಗೆ ಬಣ್ಣವೆಲ್ಲ ನೇರಳೆಗೆ ತಿರುಗಿ, ಚಿತ್ರ ಪಕ್ಕಕ್ಕೆ ಜಾರಿ, ಕೊನೆಗೆ ಬರೀ ಬೂದು. ಫೋಲ್ಡರಿನಲ್ಲಿ ಹುಡುಕುತ್ತಾ ಹೋದರೆ ಅಲ್ಲಲ್ಲಿ ಇಂಥವು. ಕಾಪಿ ಮಾಡುವಾಗ ವಿಂಡೋಸ್ ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ.

ಹೀಗೆ ಯಾಕಾಗುತ್ತದೆ ಅಂದರೆ, ಮೆಜೆಸ್ಟಿಕ್‌ಗೆ ಬಂದು ಬಸ್ ಬದಲಾಯಿಸುವ ಹಾಗೆ, ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹೋಗುವ ಫೈಲೆಲ್ಲ ರ‍್ಯಾಮ್‌ಗೆ ಬಂದೇ ಹೋಗಬೇಕು. 16 ಜಿಬಿ ಸ್ಟಿಕ್ಕಿನಲ್ಲಿ ಸುಮಾರು 13,700 ಕೋಟಿ ಬಿಟ್ ಇರುತ್ತವೆ. ಅದರಲ್ಲಿ ಒಂದೇ ಒಂದು ಬಿಟ್ 0 ಬದಲು 1 ಆಗಿ ಕೂತರೂ, ಆ ಜಾಗಕ್ಕೆ ಬಂದ ಫೈಲ್ ಕೆಡುತ್ತದೆ. ಜೆಪೆಗ್ ಫೋಟೋ ಒತ್ತಿ ಚಿಕ್ಕದು ಮಾಡಿದ ಫೈಲ್. ಅದರಲ್ಲಿ ಒಂದು ಬಿಟ್ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ಅಡ್ಡಾದಿಡ್ಡಿ ಆಗಬಹುದು. ಸರ್ವರ್‌ಗಳಲ್ಲಿ ಇಸಿಸಿ ರ‍್ಯಾಮ್ ಇರುತ್ತದೆ, ಒಂದು ಬಿಟ್ ತಪ್ಪಿದರೆ ತಾನೇ ಸರಿಮಾಡಿಕೊಳ್ಳುತ್ತದೆ. ನಮ್ಮ ಮನೆಯ ಪಿಸಿಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಡಿಡಿಆರ್4ರ ನಂತರ ಬಂದ ಡಿಡಿಆರ್5ರಲ್ಲಿ ಚಿಪ್ಪಿನ ಒಳಗೇ ಸ್ವಲ್ಪ ತಿದ್ದುವ ವ್ಯವಸ್ಥೆ ಇದೆ. ಆದರೆ ಚಿಪ್ಪಿನಿಂದ ಪ್ರೊಸೆಸರ್‌ಗೆ ಹೋಗುವ ದಾರಿಯಲ್ಲಿ ಆಗುವ ತಪ್ಪು ಅದರಿಂದ ನಿಲ್ಲುವುದಿಲ್ಲ. ಹಾಗಾಗಿ ಡಿಡಿಆರ್5 ಇದೆ ಅಂತ ಟೆಸ್ಟ್ ಬಿಡಬೇಡಿ.

ಮೊದಲು ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಹಾಕಿದೆ. "ಯಾವ ತೊಂದರೆಯೂ ಇಲ್ಲ" ಅಂತ ಬಂತು. ಇದನ್ನು ನಂಬಿ ಸುಮ್ಮನಾಗಬೇಡಿ. ಅದು ತೊಂದರೆ ಇದೆ ಅಂದರೆ ಒಪ್ಪಬಹುದು, ಇಲ್ಲ ಅಂದರೆ ಅದೇ ಕೊನೆಯ ಮಾತಲ್ಲ. ಆಮೇಲೆ ಮೆಮ್‌ಟೆಸ್ಟ್86+ ಅನ್ನುವ ಟೆಸ್ಟ್ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಬೂಟ್ ಮಾಡಿದೆ. ಅದು ಪೂರ್ತಿ ಉಚಿತ. ಪ್ಲಸ್ ಇಲ್ಲದ ಮೆಮ್‌ಟೆಸ್ಟ್86 ಅಂತ ಇನ್ನೊಂದಿದೆ, ಅದೂ ಒಳ್ಳೆಯದೇ. ಅದರ ಉಚಿತ ಆವೃತ್ತಿ ಒಂದು ಸಲಕ್ಕೆ 4 ಸುತ್ತು ಮಾತ್ರ ಓಡಿಸುತ್ತದೆ. ಪೆನ್‌ಡ್ರೈವ್ ಬೂಟ್ ಆಗದಿದ್ದರೆ, ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ನೋಡಿ. ಆದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ ಮೊದಲು ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ವಿಂಡೋಸ್ ಒಳಗೆ ಹೋಗಲು ಪರದಾಡಬೇಕಾದೀತು.

ಮೊದಲ ಸುತ್ತು ಮುಗಿಯುವ ಹೊತ್ತಿಗೆ ಕೆಂಪು ಸಾಲುಗಳು ಬಂದವು. ಇರಬೇಕಾದ್ದು 00000000, ಸಿಕ್ಕಿದ್ದು 00000400. ವಿಳಾಸ ಬೇರೆ ಬೇರೆ, ಆದರೆ ತಪ್ಪುತ್ತಿದ್ದದ್ದು ಪ್ರತಿ ಸಲ ಅದೇ ಒಂದು ಬಿಟ್. ಒಂದೆರಡು ಎರರ್ ಬಂದರೆ ಪರವಾಗಿಲ್ಲ ಅನ್ನುವವರು ಇದ್ದಾರೆ. ಅವರ ಮಾತು ಕೇಳಬೇಡಿ. ಇಲ್ಲಿ ಒಂದು ಎರರ್ ಕೂಡ ಬರಬಾರದು.

ಆದರೆ ಎರರ್ ಬಂತು ಅಂದ ತಕ್ಷಣ ಸ್ಟಿಕ್ಕೇ ಕೆಟ್ಟಿದೆ ಅಂತ ಹೇಳಲಾಗದು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಟೆಸ್ಟ್ ಹಾಕಿ. ಎಕ್ಸ್‌ಎಂಪಿ ಅಂದರೆ ರ‍್ಯಾಮನ್ನು ಅದರ ಮಾಮೂಲಿ ಸ್ಪೀಡಿಗಿಂತ ಜಾಸ್ತಿ ಓಡಿಸುವ ಸೆಟ್ಟಿಂಗ್. ನನ್ನದರಲ್ಲಿ ಅದು ಆನ್ ಇದ್ದಾಗ 1.35 ವೋಲ್ಟ್‌ನಲ್ಲಿ 3200, ಆಫ್ ಮಾಡಿದಾಗ 1.2 ವೋಲ್ಟ್‌ನಲ್ಲಿ 2400. ಆಫ್ ಮಾಡಿದರೂ ಎರರ್ ಬಂದೇ ಬಂತು. ನಂತರ ಪ್ಲಗ್ ತೆಗೆದು, ಒಂದೇ ಸ್ಟಿಕ್ ಬಿಟ್ಟು ಟೆಸ್ಟ್ ಮಾಡಿದೆ. ಅದು ಪಾಸ್. ಅದೇ ಸ್ಲಾಟಿಗೆ ಎರಡನೆಯದನ್ನು ಹಾಕಿದೆ, ಫೇಲ್. ಇನ್ನೊಂದು ಸ್ಲಾಟಿಗೆ ಹಾಕಿದರೂ ಫೇಲ್. ಎರರ್ ಸ್ಟಿಕ್ಕಿನ ಜೊತೆಗೇ ಹೋಯಿತು, ಅಂದರೆ ಸ್ಟಿಕ್ಕೇ ಕೆಟ್ಟಿದೆ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ಎರರ್ ಬಂದರೆ ಮದರ್‌ಬೋರ್ಡ್ ಕಡೆ ನೋಡಬೇಕು. ಪ್ರೊಸೆಸರ್ ಸಾಕೆಟ್ಟಿನ ಪಿನ್ ಬಾಗಿದ್ದರೂ ಹಾಗಾಗುತ್ತದೆ. ಈ ಸ್ಲಾಟ್ ಪರೀಕ್ಷೆ ಬಿಟ್ಟು ಸೀದಾ ಹೊಸ ರ‍್ಯಾಮ್ ಕೊಂಡರೆ ದುಡ್ಡು ದಂಡ ಆಗಬಹುದು.

ಪ್ರತಿ ಟೆಸ್ಟಿನ ಸ್ಕ್ರೀನನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದೆ. ಸ್ಟಿಕ್ಕಿನ ಸೀರಿಯಲ್ ನಂಬರ್ ಕೂಡ. ಅಂಗಡಿಯವರು ಮೊದಲು "ನೀವು ಓವರ್‌ಕ್ಲಾಕ್ ಮಾಡಿದ್ದೀರಿ, ವಾರಂಟಿ ಬರಲ್ಲ" ಅಂದರು. ಎಕ್ಸ್‌ಎಂಪಿ ಆನ್ ಮಾಡಿ ಕೊಟ್ಟವರು ಅವರೇ! ಆಫ್ ಮಾಡಿ ತೆಗೆದ ಫೋಟೋ ತೋರಿಸಿದ ಮೇಲೆ ಮಾತು ನಿಂತಿತು. ಜಿಎಸ್‌ಟಿ ಬಿಲ್ ಇದ್ದದ್ದರಿಂದ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬದಲಾಯಿಸಿಕೊಟ್ಟರು. ಜೋಡಿಯಾಗಿ ಕೊಂಡಿದ್ದರೆ ಎರಡೂ ಸ್ಟಿಕ್ ಕೊಟ್ಟು ಎರಡನ್ನೂ ಬದಲಾಯಿಸಿಕೊಳ್ಳಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಬಿಲ್ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ರ‍್ಯಾಮ್ ಬದಲಾದ ಮೇಲೆ ಹೊಸದಕ್ಕೂ ಟೆಸ್ಟ್ ಹಾಕಿ. ವಿಂಡೋಸನ್ನು ಹೊಸದಾಗಿ ಹಾಕಿಸಿ, ಕೆಟ್ಟ ರ‍್ಯಾಮಿನಲ್ಲಿ ಇನ್‌ಸ್ಟಾಲ್ ಆದದ್ದನ್ನು ನಂಬಲಾಗದು. ಆ ಮದುವೆಯ ಫೋಟೋಗ್ರಾಫರ್ ಕಾರ್ಡ್ ಅಳಿಸಿರಲಿಲ್ಲ, ಧಾರೆಯ ಫೋಟೋ ವಾಪಸ್ ಸಿಕ್ಕಿತು. ಆದರೆ ನಾನು ಹೊಸ ಪಿಸಿಯಲ್ಲೇ ಸೇವ್ ಮಾಡಿದ್ದ ಎಷ್ಟೋ ಪಿಎಸ್‌ಡಿ (ಫೋಟೋಶಾಪ್) ಫೈಲ್ ತೆರೆಯಲೇ ಇಲ್ಲ. ಶೀಟುಗಳನ್ನೆಲ್ಲ ಮೊದಲಿನಿಂದ ಮಾಡಬೇಕಾಯಿತು.

ಇದನ್ನು ಓದುವಾಗ ನಿಮ್ಮ ಪಿಸಿಯೂ ಹೀಗೇ ಮಾಡುತ್ತಿದೆ ಅನಿಸಿದರೆ, ಈಗಲೇ ಬ್ಯಾಕಪ್ ನಿಲ್ಲಿಸಿ. ಹೆದರಿಕೆಗೆ ಎಲ್ಲರೂ ಮೊದಲು ಬ್ಯಾಕಪ್ ತೆಗೆಯಲು ಹೋಗುತ್ತಾರೆ, ಅಲ್ವಾ? ಕೆಟ್ಟ ರ‍್ಯಾಮ್ ಇರುವಾಗ ಹಳೆಯ ಬ್ಯಾಕಪ್ ಮೇಲೆ ಹೊಸದು ಬರೆದರೆ, ಚೆನ್ನಾಗಿದ್ದ ಫೋಟೋ ಹೋಗಿ ಕೆಟ್ಟ ಫೋಟೋ ಅದರ ಜಾಗದಲ್ಲಿ ಕೂರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ. ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿನಲ್ಲಿ ತಯಾರು ಮಾಡಿಕೊಂಡು, ಇವತ್ತು ರಾತ್ರಿಯೇ ಟೆಸ್ಟ್ ಹಾಕಿ.