ತೂಕ ಇಳಿಸುವವರಿಗೆ ನಂದಿನಿ: ನೀಲಿ ಪ್ಯಾಕೆಟ್ಟೋ, ಡಬಲ್ ಟೋನ್ಡೋ?

ಹಾಲು ಬಿಟ್ಟರೆ ಮೆಟಬಾಲಿಸಂ, ಅಂದರೆ ದೇಹ ಕ್ಯಾಲೊರಿ ಸುಡುವ ವೇಗ, ಚುರುಕಾಗುತ್ತದೆ ಅನ್ನುವವರೂ ಇದ್ದಾರೆ, ಹಾಲಿನ ಕ್ಯಾಲ್ಸಿಯಂ ಕೊಬ್ಬು ಕರಗಿಸುತ್ತದೆ ಅನ್ನುವವರೂ ಇದ್ದಾರೆ. ಪ್ಯಾಕೆಟ್ ಮೇಲಿನ ಅಂಕಿ ನೋಡಿದರೆ ಎರಡು ಮಾತೂ ನಿಲ್ಲುವುದಿಲ್ಲ.

ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಉಳಿದ ಘನಾಂಶ ಅಂದರೆ ಎಸ್‌ಎನ್‌ಎಫ್ ಶೇ 8.5. ಡಬಲ್ ಟೋನ್ಡ್‌ನಲ್ಲಿ 1.5 ಮತ್ತು 9. ಅರ್ಧ ಲೀಟರಿಗೆ ಕೊಬ್ಬು 7.5 ಗ್ರಾಂ, ಕ್ಯಾಲೊರಿ ಸುಮಾರು 60 ಕಡಿಮೆಯಾಯಿತು. ಪ್ರೋಟೀನ್ ಎರಡರಲ್ಲೂ ಹತ್ತಿರ ಹತ್ತಿರ 16 ಗ್ರಾಂ. ಪ್ರೋಟೀನ್ ಕೊಡುವ ಕ್ಯಾಲೊರಿಯಲ್ಲಿ ಶೇ 20–30 ಅದನ್ನು ಅರಗಿಸಲಿಕ್ಕೇ ಹೋಗುತ್ತದೆ. 16 ಗ್ರಾಂಗೆ ಅದು 13ರಿಂದ 19 ಕ್ಯಾಲೊರಿ. ಅಂದರೆ ‘ಚುರುಕು’ ಗಿಟ್ಟುವುದು ಹಾಲು ಬಿಟ್ಟರಲ್ಲ, ಕುಡಿದರೆ; ಅದೂ ಅರ್ಧ ಲೀಟರಿಗೆ ಹೆಚ್ಚುಕಡಿಮೆ ಇಷ್ಟೇ. ಕ್ಯಾಲ್ಸಿಯಂ ಕರುಳಿನಲ್ಲಿ ಸ್ವಲ್ಪ ಕೊಬ್ಬನ್ನು ಹಿಡಿದು ಹೊರಗೆ ಸಾಗಿಸುವುದು ನಿಜ, ತೂಕದ ಯಂತ್ರಕ್ಕೆ ತಿಳಿಯುವಷ್ಟಲ್ಲ.

ನಿಜವಾದ ಉಪಯೋಗ ಬೇರೆ. ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ. ಭಾರ ಎತ್ತುವ ವ್ಯಾಯಾಮದ ಜೊತೆ ದಿನದ ಪ್ರೋಟೀನ್ ಸಾಕಷ್ಟಿದ್ದರೆ ಆ ನಷ್ಟ ತಗ್ಗುತ್ತದೆ. ಅನ್ನ-ಸಾರಿನ ಊಟದಲ್ಲಿ ಈ 16 ಗ್ರಾಂ ಸಣ್ಣದೇನಲ್ಲ.

ಹಾಗಾಗಿ ಡಬಲ್ ಟೋನ್ಡ್‌ಗೆ ನಮ್ಮ ಓಟು. ಆದರೆ ದಿನಕ್ಕೆ ಮೂರು ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ ಹಾಕುವವರು ಪ್ಯಾಕೆಟ್ ಬದಲಿಸಿ ಪ್ರಯೋಜನವಿಲ್ಲ: ಸಕ್ಕರೆಯೊಂದೇ 120 ಕ್ಯಾಲೊರಿ. ಫಿಲ್ಟರ್ ಕಾಫಿಗೆ ಈ ಹಾಲು ತೆಳು ಅನಿಸುತ್ತದೆ. ನೀರು ಬೆರೆಸದೆ ಕಾಯಿಸಿ, ಡಿಕಾಕ್ಷನ್ ಗಟ್ಟಿ ಇಳಿಸಿ. ನೀಲಿಯನ್ನೇ ಬಿಡಲಾರದವರು ಕಾಯಿಸಿ ಆರಿಸಿ, ರಾತ್ರಿ ಫ್ರಿಜ್‌ನಲ್ಲಿಟ್ಟು ಕೆನೆ ತೆಗೆಯಬಹುದು; ಪ್ಯಾಕೆಟ್ ಮೇಲೆ ‘ಹೋಮೋಜನೈಸ್ಡ್’ ಎಂದಿದ್ದರೆ ಕೆನೆ ಸರಿಯಾಗಿ ಕಟ್ಟುವುದಿಲ್ಲ, ಆ ಶ್ರಮ ದಂಡ.

ಹಾಲು ಕುಡಿದ ಮರುದಿನ ಹೊಟ್ಟೆ ಉಬ್ಬರಿಸಿ ತೂಕ ಏರಿದಂತೆ ಕಂಡರೆ ಅದು ಕೊಬ್ಬಲ್ಲ. ಅರ್ಧ ಲೀಟರಿನಲ್ಲಿ ಸುಮಾರು 24 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಅದು ಅರಗದವರಿಗೆ ಹೀಗಾಗುತ್ತದೆ. ಅಂಥವರು ಮೊಸರಿಗೆ ಹೊರಳುವುದು ಮೇಲು, ಹೆಪ್ಪುಗಟ್ಟುವಾಗ ಲ್ಯಾಕ್ಟೋಸ್ ಒಂದಿಷ್ಟು ಕಡಿಮೆಯಾಗುತ್ತದೆ.

ಡಬಲ್ ಟೋನ್ಡ್ ಮೊಸರು ನೀರು ಬಿಡುತ್ತದೆ ಎಂಬ ದೂರಿಗೆ ಹೆಚ್ಚಾಗಿ ಹಾಲು ಸಾಕಷ್ಟು ಕಾಯದಿರುವುದೇ ಕಾರಣ. ಹಾಲು ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ, 42 ಡಿಗ್ರಿಗೆ, ಅಂದರೆ ಬೆರಳು ತಡೆಯುವಷ್ಟು ಬೆಚ್ಚಗೆ, ಇಳಿದಾಗ ಅರ್ಧ ಲೀಟರಿಗೆ ಒಂದು ಟೀ ಚಮಚ ಹೆಪ್ಪು ಹಾಕಿ. ಕಟ್ಟಿದ ತಕ್ಷಣ ಫ್ರಿಜ್‌ಗೆ. ಹುಳಿ ಏರಿದಷ್ಟೂ ನೀರು ಹೆಚ್ಚು. ಟೆಟ್ರಾ ಪ್ಯಾಕಿನ ಕೆನೆರಹಿತ ಹಾಲಿನಲ್ಲಿ ಮೊಸರು ಸಡಿಲವಾಗಿಯೇ ಉಳಿಯುತ್ತದೆ, ಅದನ್ನು ಮಜ್ಜಿಗೆಗೆ ಇಟ್ಟುಕೊಳ್ಳಿ.