ಅರಮನೆಯಲ್ಲಿ ಕೂರಿಗೆ: ಮೈಸೂರಿನ ಜಾನಪದ ವಸ್ತುಸಂಗ್ರಹಾಲಯ

ಮೈಸೂರಿಗೆ ಬಂದವರು ದೊಡ್ಡ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟಗಳನ್ನು ಮುಗಿಸಿ ಬಸ್ಸು ಹತ್ತುವುದು ರೂಢಿ. ಕುಕ್ಕರಹಳ್ಳಿ ಕೆರೆಯ ಆಚೆ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀ ವಿಲಾಸದ ಹೆಸರು ಹೇಳಿದರೆ ಆಟೋದವರಿಗೆ ಗೊತ್ತು, ಪ್ರವಾಸಿಗರಿಗೆ ಗೊತ್ತಿಲ್ಲ.

ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಈ ಸೌಧವು ಕುವೆಂಪು ಅವರು ಕುಲಪತಿಗಳಾಗಿದ್ದ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಶಕ್ಕೆ ಬಂದಿತು. 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ಇಲ್ಲಿರುವ 6,500ಕ್ಕೂ ಹೆಚ್ಚು ವಸ್ತುಗಳ ಸಂಗ್ರಹದ ಹಿಂದೆ ಜಾನಪದ ವಿದ್ವಾಂಸ ಜೀ. ಶಂ. ಪರಮಶಿವಯ್ಯ ಮತ್ತು ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ ಅವರಂಥವರ ದುಡಿಮೆಯಿದೆ.

ಕೊರಿಂಥಿಯನ್ ಕಂಬಗಳು, ಬಣ್ಣದ ಗಾಜಿನ ಗುಮ್ಮಟವಿರುವ ಕಲ್ಯಾಣಮಂಟಪ, ಕೆತ್ತನೆಯ ಬಾಗಿಲುಗಳು: ಮನೆಯೇ ಒಂದು ಪ್ರದರ್ಶನವೆನ್ನಬಹುದು. ಆ ವೈಭವದ ನಡುವೆ ಒನಕೆ, ಮೊರ, ನೊಗಗಳನ್ನು ಕಂಡಾಗ ಮೊದಲು ತುಸು ವಿಚಿತ್ರವೆನಿಸುತ್ತದೆ. ರಾಜಕುಮಾರಿಯ ಮನೆಯ ಮುಂಬಾಗಿಲಿನಿಂದ ಈ ಸಾಮಾನುಗಳು ಆ ಕಾಲದಲ್ಲಂತೂ ಒಳಗೆ ಬರುತ್ತಿರಲಿಲ್ಲ.

ಆಳೆತ್ತರವನ್ನೂ ಮೀರಿದ ಉತ್ಸವದ ಗೊಂಬೆಗಳು, ಯಕ್ಷಗಾನದ ವೇಷಭೂಷಣಗಳು, ಸೋಮನ ಕುಣಿತದ ಮುಖಗಳು ಎಲ್ಲರನ್ನೂ ನಿಲ್ಲಿಸುತ್ತವೆ. ತೊಗಲುಗೊಂಬೆಗಳ ಮುಂದೆ ಮಾತ್ರ ನಿಧಾನಿಸಬೇಕು: ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿದ ಚರ್ಮದಲ್ಲಿ ಒಡವೆಯ ಒಂದೊಂದು ಮಣಿಗೂ ಉಳಿಯಿಂದ ಕೊರೆದ ರಂಧ್ರಗಳು ಎದುರಿನಿಂದ ಸುಮ್ಮನೆ ಚುಕ್ಕಿಗಳಂತೆ ತೋರುತ್ತವೆ, ಹಿಂದಿನಿಂದ ದೀಪದ ಬೆಳಕು ಬಿದ್ದಾಗ ಅವೇ ಆಭರಣಗಳಾಗುತ್ತವೆ.

ಆದರೆ ನನ್ನ ದೃಷ್ಟಿಯಲ್ಲಿ ಈ ಸಂಗ್ರಹದ ನಿಜವಾದ ಸಿರಿ ಇರುವುದು ಜನ ಬೇಗ ದಾಟಿಹೋಗುವ ಬೇಸಾಯ ಮತ್ತು ಅಡುಗೆಮನೆಯ ಸಾಮಾನುಗಳಲ್ಲಿ. ಮಂಡ್ಯದ ಕಡೆಯ ನಮ್ಮ ಸೋದರತ್ತೆಯವರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಬೀಜ ಬಿತ್ತುವ ಕೂರಿಗೆಯನ್ನು ನಾನು ಮರದ ಹಳೆಯ ಸಾಮಾನೆಂದಷ್ಟೇ ನೋಡುತ್ತಿದ್ದರೆ, ಅವರು ಮೇಲಿನ ಬಟ್ಟಲಿಗೆ ಮುಷ್ಟಿಯಿಂದ ರಾಗಿ ಬಿಡುವ ರೀತಿಯನ್ನು ಬರಿಗೈಯಲ್ಲೇ ಮಾಡಿ ತೋರಿಸಿ, ಕಾಳು ಬಿದಿರಿನ ಕೊಳವೆಗಳಲ್ಲಿ ಇಳಿದು ಎಲ್ಲ ಸಾಲಿಗೂ ಸಮನಾಗಿ ಬೀಳಬೇಕಾದರೆ ಬಿತ್ತುವವಳ ಬೆರಳು ಎತ್ತಿನ ನಡಿಗೆಗೆ ಹೊಂದಿಕೊಳ್ಳಬೇಕು ಎಂದು ವಿವರಿಸಿದರು. “ಕೈ ಬಿಗಿಯಾದ್ರೆ ಸಾಲು ಬೋಳು, ಸಡಿಲಾದ್ರೆ ಒತ್ತೊತ್ತು ಪೈರು, ಕಣಪ್ಪ,” ಎಂದರು. ಕಾಳು ಅಳೆಯುವ ಪಾವು, ಸೇರು, ಕೊಳಗಗಳ ಎದುರಿನಲ್ಲಂತೂ ಅವರ ಲೆಕ್ಕ ಶುರುವಾಯಿತು: ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಇಂಥ ವಿವರಣೆ ಯಾವ ಫಲಕದಲ್ಲಿಯೂ ಹಿಡಿಸುವುದಿಲ್ಲವಾದ್ದರಿಂದ, ಹಳ್ಳಿಯಲ್ಲಿ ದುಡಿದ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರೆಂದು ಒತ್ತಿ ಹೇಳುತ್ತೇನೆ.

ಕನ್ನಡ ಸಾಹಿತಿಗಳು ಬಳಸಿದ ವಸ್ತುಗಳ ವಿಭಾಗವೂ ಇದೆ; ಸಾಹಿತ್ಯಾಸಕ್ತರಿಗೆ ಅದು ಇಷ್ಟವಾದೀತು, ನಮ್ಮ ಅತ್ತೆಯವರಿಗೆ ಆಗಲಿಲ್ಲ.

ಶತಮಾನ ದಾಟಿದ ಕಟ್ಟಡವಾದ್ದರಿಂದ ದುರಸ್ತಿಯ ಅಗತ್ಯ ಮತ್ತೆ ಮತ್ತೆ ಬರುತ್ತದೆ. ಯಾವ ಭಾಗ ತೆರೆದಿದೆಯೆಂದು ವಿಶ್ವವಿದ್ಯಾನಿಲಯದಲ್ಲಿ ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸು. ಕನಿಷ್ಠ ಎರಡು ಗಂಟೆ ಕೈಯಲ್ಲಿರಲಿ. ಹಿರಿಯರು ಜೊತೆಗಿದ್ದರೆ ಮೂರು.